ಹಳೇ ಲ್ಯಾಪ್‌ಟಾಪ್ ಪರದೆ ಗುಲಾಬಿ ಆಗೇತಿ: ಪ್ಯಾನೆಲ್ ಹೋತೋ, ಕೇಬಲ್ಲೋ?

ಪ್ರಶ್ನೆ (ಬಾಗಲಕೋಟೆ)
2012ರ ಮಾಡೆಲ್, 15.6 ಇಂಚು, 1366×768, ವಿಂಡೋಸ್ 10. ನುಡಿಯೊಳಗ ಟೈಪ್ ಮಾಡಾಕ ಕುಂತ್ರ ಬಿಳಿ ಹಾಳಿ ಪೂರ್ತಿ ಗುಲಾಬಿ ಕಾಣತೈತಿ, ಹಸಿರು ಇದ್ದದ್ದು ಕರ್ರಗ. ಮುಚ್ಚಳ ಸ್ವಲ್ಪ ಹಿಂದಕ್ಕ ಬಾಗಿಸಿದ್ರ ಒಮ್ಮೊಮ್ಮೆ ಸರಿ ಆಗತೈತಿ. ಸ್ಕ್ರೀನ್‌ಶಾಟ್ ಮೊಬೈಲ್‌ನ್ಯಾಗ ನೋಡಿದ್ರ ಬಣ್ಣ ಬರೋಬರಿ ಐತಿ. ಅಂಗಡ್ಯಾಗ ಪ್ಯಾನೆಲ್ ಬದಲಿಸ್ರಿ ಅಂತಾರ. ಬದಲಿಸೂದೋ, ಬ್ಯಾಡೋ?

ಉತ್ತರ (ವಿಜಯಪುರ)
ಈಗೇ ರೊಕ್ಕ ಹಾಕಬ್ಯಾಡ್ರಿ. ಸ್ಕ್ರೀನ್‌ಶಾಟ್ ನಂಬಿ ಏನೂ ಹೇಳಲಿಕ್ಕೆ ಬರೂದಿಲ್ಲ. ನೈಟ್ ಲೈಟ್, ಕಲರ್ ಪ್ರೊಫೈಲ್‌ನ ಬಣ್ಣ ಅದರೊಳಗ ಸೇರೂದೇ ಇಲ್ಲ. ರೀಸ್ಟಾರ್ಟ್ ಮಾಡಿ ಬಯೋಸ್‌ಗೆ, ಅಂದ್ರ ವಿಂಡೋಸ್ ಶುರು ಆಗೂಕಿಂತ ಮೊದಲಿನ ಸೆಟ್ಟಿಂಗ್ ಪರದೆಗೆ ಹೋಗ್ರಿ (ಕಂಪನಿ ನೋಡಿ ಎಫ್2, ಎಫ್10 ಇಲ್ಲಾ ಡಿಲೀಟ್). ಅಲ್ಲಿ ವಿಂಡೋಸೂ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲೂ ಗುಲಾಬಿ ಇದ್ರ ತೊಂದ್ರೆ ಹಾರ್ಡ್‌ವೇರ್‌ದು. ಆಮೇಲೆ ವಿಜಿಎ ಇಲ್ಲಾ ಎಚ್‌ಡಿಎಂಐ ಹಚ್ಚಿ ಟಿವಿ ಮ್ಯಾಲೆ ನೋಡ್ರಿ. ಅಲ್ಲಿ ಬಣ್ಣ ಸರಿ ಇದ್ರ ಗ್ರಾಫಿಕ್ಸ್ ಚಿಪ್ ಮ್ಯಾಲಿನ ಅನುಮಾನ ಬಹಳಷ್ಟು ಕಡಿಮಿ ಆಗ್ತದ. ವಿಜಿಎ ವಯರ್ ಮಾತ್ರ ಚಲೋದು ಇರ್ಲಿ, ಅದರ ಒಂದು ಪಿನ್ ಬಾಗಿದ್ರೂ ಒಂದು ಬಣ್ಣ ಹೋಗಿಬಿಡ್ತದ.

ಉತ್ತರ (ಬೆಳಗಾವಿ)
ಮುಚ್ಚಳ ಅಲ್ಲಾಡಿಸಿದ್ರ ಬದಲಾಗತೈತಿ ಅಂದ್ರ ಮೊದಲ ಅನುಮಾನ ಬೋರ್ಡಿನಿಂದ ಪರದೆಗೆ ಹೋಗೂ ಕೇಬಲ್ ಮ್ಯಾಲ. ಪ್ಯಾನೆಲ್ ಕೆಟ್ಟಾಗ ಹೆಚ್ಚಾಗಿ ಒಂದ ಕಡೆ ಗೆರಿ, ಪಟ್ಟಿ ಕಾಣತಾವ. ಇಡೀ ಪರದೆ ಒಂದ ಬಣ್ಣಕ್ಕ ತಿರಗೂದು ಕಡಿಮಿ.

ಆ ಕಾಲದ ಇಂಥ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 40 ಪಿನ್ನಿನ ಎಲ್‌ವಿಡಿಎಸ್ (ಪರದೆಗೆ ಚಿತ್ರದ ಸಿಗ್ನಲ್ ಕಳಸೂ ಒಂದು ಪದ್ಧತಿ) ಕೇಬಲ್. ಒಂದೊಂದು ಬಣ್ಣಕ್ಕ 6 ಬಿಟ್, ಅವು ಮೂರು ಜೋಡಿ ವಯರ್‌ನ್ಯಾಗ ಹಂಚಿ ಬರತಾವ, ಕ್ಲಾಕಿಗೆ (ಬಿಟ್‌ಗಳಿಗೆ ತಾಳ ಹಾಕೂ ಸಿಗ್ನಲ್) ಇನ್ನೊಂದು ಜೋಡಿ. ಮೊದಲನೇ ಜೋಡಿಯೊಳಗ ಕೆಂಪಿನ 6 ಬಿಟ್ಟೂ, ಹಸಿರಿನ ಒಂದು ಬಿಟ್ಟೂ. ಹಸಿರಿನ ಉಳಿದ 5 ಬಿಟ್ ಎರಡನೇ ಜೋಡಿಯೊಳಗ. ಅದು ಕಡದ್ರ ಬಿಳಿಯೊಳಗಿನ ಹಸಿರು ಹೋಗಿ ಗುಲಾಬಿ ಉಳೀತೈತಿ. ನಿಮ್ಮದು ಅದಕ್ಕ ಹೊಂದತೈತಿ.

ಕೇಬಲ್ ಬಿಚ್ಚಿ ನೋಡೂಕಿಂತ ಮೊದಲ ಅಡಾಪ್ಟರ್, ಬ್ಯಾಟರಿ ತಗದು ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ. ಇದನ್ನ ಬಿಡಬ್ಯಾಡ್ರಿ: ಅದೇ ಕೇಬಲ್‌ನ್ಯಾಗ ಬ್ಯಾಕ್‌ಲೈಟಿನ ಕರೆಂಟೂ ಹೋಗತೈತಿ, ಕರೆಂಟ್ ಇರೂ ಮುಂದ ಎಳದ್ರ ಬೋರ್ಡ್ ಮ್ಯಾಲಿನ ಫ್ಯೂಜ್ ಹಾರಬಹುದು. ರಬ್ಬರ್ ಬಿಲ್ಲಿ ಕೆಳಗಿನ ಸ್ಕ್ರೂ ಬಿಚ್ಚಿ, ಹಳೇ ಎಟಿಎಂ ಕಾರ್ಡ್‌ನಿಂದ ಚೌಕಟ್ಟ ಎಬ್ಬಸ್ರಿ. ಪ್ಯಾನೆಲನ್ನ ಕೀಬೋರ್ಡ್ ಮ್ಯಾಲ ಅರಬಿ ಹಾಸಿ ಮಕಾಡೆ ಮಲಗಸ್ರಿ. ಹಿಂದಿನ ಟೇಪ್ ಬಿಡಿಸಿ, ಕನೆಕ್ಟರ್‌ದ ಎರಡೂ ಕಿವಿ ಹಿಡದು ಬೋರ್ಡಿಗೆ ಸಮಾನಾಂತರ ಸರಸ್ರಿ, ಮ್ಯಾಲಕ್ಕ ಎತ್ತಬ್ಯಾಡ್ರಿ, ವಯರ್ ಹಿಡದು ಎಳೀಬ್ಯಾಡ್ರಿ. ನಮ್ಮ ಕಡೆ ಮಳಿಗಾಲದ ತಂಪಿಗೆ ಪಿನ್ನಿಗೆ ಹಸಿರು ಕಿಲುಬು ಹಿಡೀತೈತಿ. 99% ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನ್ನ ಬ್ರಶ್, 10 ನಿಮಿಷ ಒಣಗಸ್ರಿ. ಉಸುಕ ಕಾಗದ ಹಚ್ಚಿದ್ರ ಪಿನ್ನಿನ ಲೇಪನ ಹೋಗತೈತಿ.

ಪ್ರಶ್ನೆ ಕೇಳಿದವರು
ಬಯೋಸ್‌ನ್ಯಾಗೂ ಗುಲಾಬಿ, ಟಿವಿ ಮ್ಯಾಲ ಬರೋಬರಿ. ಕನೆಕ್ಟರ್ ಸ್ವಚ್ಛ ಮಾಡಿದೆ, ಮುಚ್ಚಳ ನಟ್ಟಗ ನಿಲ್ಲಿಸಿದ್ರ ಸರಿ, ಪೂರ್ತಿ ತಗದ್ರ ಮತ್ತ ಗುಲಾಬಿ.

ಉತ್ತರ (ಬೆಳಗಾವಿ)
ಹಂಗಾರ ಹಿಂಜ್ ಹಂತೇಕ ವಯರ್ ಒಳಗ ಕಡದೈತಿ, ಕೇಬಲ್ ಬದಲಿಸ್ರಿ. ಹಳೇ ಕೇಬಲ್ಲಿಗೆ ಅಂಟಿಸಿದ ಚೀಟಿ ಮ್ಯಾಲಿನ ಪಾರ್ಟ್ ನಂಬರ್ ಕೊಟ್ಟೇ ಕೇಳ್ರಿ, ಬರೇ ಲ್ಯಾಪ್‌ಟಾಪ್ ಹೆಸರು ಸಾಲೂದಿಲ್ಲ. 30 ಪಿನ್ನಿನ ಇಡಿಪಿ (ಆಮೇಲೆ ಬಂದ ಪದ್ಧತಿ) ಕೇಬಲ್ ಕೊಡಾಕ ಬಂದ್ರ ಬ್ಯಾಡ ಅನ್ರಿ, ಸಿಗ್ನಲ್ಲೇ ಬ್ಯಾರೆ. ಹೊಸಾದನ್ನ ಹಳೇದು ಹೋದ ಕಾಲುವಿಯೊಳಗ ಕೂಡಸ್ರಿ, ಹಿಂಜ್ ಹತ್ರ ಚೂರು ಸಡಿಲ ಬಿಡ್ರಿ. ಚೌಕಟ್ಟ ಒತ್ತಿ ಹಾಕೂಕಿಂತ ಮೊದಲ ಪೂರ್ತಿ ಹಸಿರು ಚಿತ್ರ ತೆರದು, ಮುಚ್ಚಳ ಹತ್ತು ಸಲ ತಗದು ಮುಚ್ಚಿ ನೋಡ್ರಿ.