ಸಹಾಯ ಬೇಕು: ಪುಂಡಿಪಲ್ಲೆ-ನುಚ್ಚಿನ ಸೂಪ್ ಆರಿದ ಮ್ಯಾಲೆ ಗಟ್ಟಿ ಆಗ್ತದ

ಅಕ್ಕಾರ, ಅಣ್ಣಾರ, ನಮ್ಮ ಧಾರವಾಡ ಕಡೆ ಪುಂಡಿಪಲ್ಲೆನ (ಹುಳಿ ಗೋಂಗುರಾ ಸೊಪ್ಪಿಂದು) ತೆಳ್ಳಗ, ಬಟ್ಟಲದಾಗ ಕುಡಿಯೋ ಹಂಗ ಮಾಡಬೇಕಾಗೇದ. 4 ಮಂದಿಗೆ ಅಳತಿ: ತೊಗರಿಬ್ಯಾಳಿ ಅರ್ಧ ವಾಟಿ, ಜ್ವಾಳದ ನುಚ್ಚು ಕಾಲು ವಾಟಿ, ಬಿಡಿಸಿದ ಪುಂಡಿ 2 ಹಿಡಿ, ನೀರು 6 ವಾಟಿ.

ಬ್ಯಾಳಿ ಪೂರಾ ಮೆತ್ತಗಾದ ಮ್ಯಾಲೇ ಪುಂಡಿ ಹಾಕೋದು. ಕೂಡಿಸಿ ಇಟ್ರ ಹುಳಿಗೆ ಬ್ಯಾಳಿ ಲಗೂನ ಬೇಯೂದಿಲ್ಲ. ಪುಂಡಿನ ಬ್ಯಾರೆ ನೀರಾಗ 2 ನಿಮಿಷ ಕುದಿಸಿ, ಆ ನೀರು ಚೆಲ್ಲಿದ್ರ ಹುಳಿ ಹದಕ್ಕ ಬರ್ತದ. ಒಗ್ಗರಣಿಗೆ ಜಜ್ಜಿದ ಬಳ್ಳೊಳ್ಳಿ 8 ಎಸಳು, ಹಸಿಮೆಣಸಿನಕಾಯಿ, ಜೀರಗಿ. ಇಲ್ಲೀತನಕ ತಕರಾರಿಲ್ಲ.

ತೊಂದರಿ ಎಲ್ಲಾ ನುಚ್ಚಿಂದು. ತೊಳದು ಅರ್ಧ ತಾಸು ನೆನಸಿ ಹಾಕಿದ್ರೂ ತಳ ಹಿಡೀತದ. ಇಳಿಸಿದಾಗ ಸಾರಿನಂಗ ಇದ್ದದ್ದು, ಊಟಕ್ಕ ಕೂಡೂದ್ರಾಗ ಕಡ್ಲಿಹಿಟ್ಟಿನ ಗಟ್ಟಿ ಝುಣಕದಂಗ ಬಿಗೀತದ. ಬಿಸಿನೀರು ಬೆರೆಸಿದ್ರ ಗಂಟು ಗಂಟು, ರುಚಿನೂ ಸಪ್ಪಗ. ನುಚ್ಚಿನಾಗಿನ ಹಿಟ್ಟು ಜರಡಿ ಹಿಡದು ತಗದ್ರ ಕಡಿಮಿ ಆದೀತೇನು? ಇಲ್ಲಾ ಒಣಾ ಹುರದು ಹಾಕಬೇಕೋ? ಗೋಧಿ ನುಚ್ಚು ಮಾತ್ರ ಹೇಳಬ್ಯಾಡ್ರಿ, ಪುಂಡಿ ಹುಳಿಗೆ ಜ್ವಾಳನ ಸೈ.

10-12 ಮಂದಿಗೆ ಮಾಡಿದವರು ನೀರಿನ ಅಳತಿ ಹೇಳ್ರಿ. ನುಚ್ಚು ಕುಕ್ಕರಿನಾಗ ಬೇಯಿಸ್ತೀರೋ, ಬೋಗುಣಿಯಾಗೋ, ಅದನ್ನೂ ಬರೀರಿ.