ಪದಚರ್ಚೆ: ಎಚ್ಚರ, ಅರಿವು, ಪ್ರಜ್ಞೆ – ಜೊತೆಗೆ ‘ನಿದ್ರಾ ಪಾರ್ಶ್ವವಾಯು’ವಿನ ತಕರಾರು

ನಮಸ್ಕಾರ.

ಮನಶ್ಶಾಸ್ತ್ರದ ಮೊದಲ ಪಾಠಗಳ ಕನ್ನಡ ಕರಡೊಂದನ್ನು ತಿದ್ದಲು ಕೂತಿದ್ದೇನೆ. ಪ್ರಜ್ಞೆ, ನಿದ್ದೆ, ಮಾದಕವಸ್ತು, ಮಾನಸಿಕ ಕಾಯಿಲೆ ಎಲ್ಲವೂ ಅಕ್ಕಪಕ್ಕದ ಅಧ್ಯಾಯಗಳಲ್ಲಿವೆ. ಮೂರನೆಯ ಪುಟಕ್ಕೇ ಪೆನ್ನು ನಿಂತಿತು. ಅಲ್ಲಿದ್ದ ವಾಕ್ಯ: ‘ನಿದ್ರಿಸುತ್ತಿರುವ ವ್ಯಕ್ತಿಯು ಪ್ರಜ್ಞಾಹೀನನಾಗಿರುತ್ತಾನೆ.’

ಓದಿದವರು ಆಂಬುಲೆನ್ಸ್‌ಗೆ ಫೋನ್ ಮಾಡಿಯಾರು. ಕನ್ನಡದಲ್ಲಿ ಪ್ರಜ್ಞೆ ತಪ್ಪುವುದು ಬೇರೆ, ನಿದ್ದೆ ಹೋಗುವುದು ಬೇರೆ. ನಿದ್ದೆ ಹೋದವನನ್ನು ಅಲುಗಿಸಿದರೆ ಏಳುತ್ತಾನೆ, ಹೆಸರು ಹಿಡಿದು ಕೂಗಿದರೆ ಮಗ್ಗುಲಾದರೂ ಬದಲಿಸುತ್ತಾನೆ. ಕೋಮಾದಲ್ಲಿರುವವನು ಎಷ್ಟು ಕೂಗಿದರೂ ಏಳುವುದಿಲ್ಲ. (ಕೋಮಾ ಎಂಬ ಗ್ರೀಕ್ ಮಾತಿಗೆ ಮೂಲದಲ್ಲಿ ಗಾಢನಿದ್ದೆ ಎಂದೇ ಅರ್ಥ. ಗೊಂದಲ ನಮ್ಮೊಬ್ಬರದ್ದೇ ಅಲ್ಲ.)

ಕರಡು ಬರೆದವರನ್ನು ದೂರಿ ಫಲವಿಲ್ಲ. ಇಂಗ್ಲಿಷಿನ ‘ಅನ್‌ಕಾನ್ಷಸ್’ ಎಂಬ ಒಂದೇ ಪದ ತಲೆಗೆ ಪೆಟ್ಟು ಬಿದ್ದವನಿಗೂ ಸಲ್ಲುತ್ತದೆ, ಫ್ರಾಯ್ಡ್ ಹೇಳಿದ ಮನಸ್ಸಿನ ಒಳಕೋಣೆಗೂ ಸಲ್ಲುತ್ತದೆ. ನಾವು ಮೊದಲನೆಯದನ್ನು ಪ್ರಜ್ಞಾಹೀನ, ಎರಡನೆಯದನ್ನು ಸುಪ್ತಪ್ರಜ್ಞೆ ಎಂದು ಬೇರೆ ಮಾಡಿಕೊಂಡಿದ್ದೇವೆ. ಆದರೆ ‘ಸುಪ್ತ’ ಎಂದರೆ ಮಲಗಿದ್ದು. ಫ್ರಾಯ್ಡ್ ಹೇಳುವ ಆ ಭಾಗ ಮಲಗುವುದೇ ಇಲ್ಲ ಎನ್ನುವುದು ಅವನ ವಾದದ ತಿರುಳು. ಇರಲಿ, ಆ ಪದ ನಿಂತುಹೋಗಿದೆ, ಅದನ್ನು ಕೀಳುವ ಉಮೇದು ನನಗಿಲ್ಲ.

ನನ್ನ ನಿಜವಾದ ತಕರಾರು ‘ಪ್ರಜ್ಞೆ’ಯ ಮೇಲೆ ಹೊರಿಸಿರುವ ಹೊರೆಯ ಬಗ್ಗೆ. ಜನ ಆಡುವ ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಮಾತುಗಳಿವೆ ನೋಡಿ: ಎಚ್ಚರ ತಪ್ಪಿತು, ಜ್ಞಾನ ತಪ್ಪಿತು, ಸ್ಮೃತಿ ತಪ್ಪಿ ಬಿದ್ದ, ಮೈಮೇಲೆ ಪರಿವೆ ಇಲ್ಲ, ಉತ್ತರದ ಕಡೆಯವರ ಬಾಯಲ್ಲಿ ‘ಖಬರಿಲ್ಲ’. ಇವೆಲ್ಲ ಒಂದೇ ಅಲ್ಲ. ಓದಿನಲ್ಲಿ ಮುಳುಗಿದವಳಿಗೆ ಹೊತ್ತಿನ ಪರಿವೆ ಇಲ್ಲ ಎನ್ನುತ್ತೇವೆ, ಆದರೆ ಆಕೆಗೆ ಎಚ್ಚರ ಇದೆ. ವೈದ್ಯರೂ ಇಂಥದೇ ಒಂದು ಗೆರೆ ಎಳೆಯುತ್ತಾರೆ. ಪ್ರಜ್ಞೆಗೆ ಎರಡು ಮುಖ: ಒಂದು ಎಚ್ಚರವಾಗಿರುವುದು, ಇನ್ನೊಂದು ತನ್ನ ಮತ್ತು ಸುತ್ತಲಿನ ಅರಿವಿರುವುದು.

ಇವೆರಡೂ ಜೊತೆಯಾಗಿಯೇ ಇರಬೇಕೆಂದಿಲ್ಲ. ಮಿದುಳಿಗೆ ಭಾರಿ ಪೆಟ್ಟಾದ ಕೆಲವರು ಕೋಮಾದಿಂದ ಹೊರಬಂದು ಕಣ್ಣು ಬಿಡುತ್ತಾರೆ, ಮಲಗುವುದು ಏಳುವುದು ಸರದಿಯಂತೆ ನಡೆಯುತ್ತದೆ, ಆದರೆ ಎದುರಿಗಿರುವವರ ಗುರುತಾಗಲಿ ತಮ್ಮ ಅರಿವಾಗಲಿ ಇರುವ ಸುಳಿವು ಸಿಗುವುದಿಲ್ಲ. ಅಂದರೆ ಎಚ್ಚರವಿದೆ, ಅರಿವಿಲ್ಲ. ವೈದ್ಯರಾದ ಜೆನೆಟ್ ಮತ್ತು ಪ್ಲಮ್ 1972ರಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಕೊಟ್ಟ ‘ವೆಜಿಟೇಟಿವ್ ಸ್ಟೇಟ್’ ಎಂಬ ಹೆಸರು ಕನ್ನಡಕ್ಕೆ ಬರುವಾಗ ‘ಸಸ್ಯಸ್ಥಿತಿ’ ಆಗಿಬಿಟ್ಟಿತು. ಮನೆಯವರ ಮುಂದೆ ಹೇಳಲು ಬಾಯಿ ಬಾರದ ಪದ. 2010ರಲ್ಲಿ ಯುರೋಪಿನ ತಜ್ಞರೇ ಆ ಹೆಸರು ಬೇಡವೆಂದು ಬೇರೆಯದನ್ನು ಮುಂದಿಟ್ಟರು. ಅದನ್ನು ‘ಸ್ಪಂದನೆಯಿಲ್ಲದ ಎಚ್ಚರ’ ಎಂದರೆ ಕನ್ನಡದಲ್ಲಿ ಸರಾಗವಾಗಿ ಕೂರುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಿರುವುದು. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ಅವರ ಪ್ರಯೋಗದಲ್ಲಿ ಮಲಗಿದ್ದವನೊಬ್ಬ, ಮೊದಲೇ ಮಾತಾಡಿಕೊಂಡಂತೆ, ಕನಸಿನೊಳಗಿಂದ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸಂಕೇತ ಕೊಟ್ಟ. ಮಿದುಳಿನ ಅಲೆಗಳು ನಿದ್ದೆಯವೇ. ಎಚ್ಚರವಿಲ್ಲ, ಅರಿವಿದೆ. ಹೀಗಾಗಿ ನನ್ನ ಸೂಚನೆ: ಒಟ್ಟು ವಿಷಯಕ್ಕೆ ಪ್ರಜ್ಞೆ, ಅದರೊಳಗಿನ ಎರಡಕ್ಕೆ ಎಚ್ಚರ ಮತ್ತು ಅರಿವು. ಆಗ ಮೂರನೆಯ ಪುಟದ ವಾಕ್ಯ ‘ನಿದ್ದೆಯಲ್ಲಿ ಎಚ್ಚರವಿರುವುದಿಲ್ಲ, ಅರಿವು ಪೂರ್ತಿ ಅಳಿದಿರುವುದೂ ಇಲ್ಲ’ ಎಂದಾಗುತ್ತದೆ. ಹೊಸ ಪದ ಒಂದೂ ಬೇಕಾಗಲಿಲ್ಲ.

ನಿದ್ದೆಯ ವಿಷಯಕ್ಕೆ ಬಂದರೆ ಕರಡು ಇನ್ನೂ ಬಡವಾಗಿದೆ. ‘ನಿದ್ರೆಯ ಪ್ರಥಮ ಹಂತ, ದ್ವಿತೀಯ ಹಂತ’ ಎಂದು ಹೋಗುತ್ತದೆ. ಜೊಂಪು, ತೂಕಡಿಕೆ, ಮಂಪರು, ಕೋಳಿನಿದ್ದೆ, ನಿದ್ದೆಗಣ್ಣು, ಕನವರಿಕೆ ಇಷ್ಟೆಲ್ಲ ಇರುವ ಭಾಷೆಗೆ ಇದೇನು ಕರ್ಮ! ಮೊದಲ ಹಂತ ಜೊಂಪೇ: ಆಗ ಎಬ್ಬಿಸಿದರೆ ‘ನಾನೆಲ್ಲಿ ಮಲಗಿದ್ದೆ?’ ಎಂದು ವಾದಕ್ಕೆ ನಿಲ್ಲುತ್ತಾರೆ. ಮೂರನೆಯದು ಗಾಢನಿದ್ದೆ. (ಹಿಂದೆ ಗಾಢನಿದ್ದೆಯನ್ನು ಮೂರು, ನಾಲ್ಕು ಎಂದು ಎರಡು ಹಂತವಾಗಿ ಎಣಿಸುತ್ತಿದ್ದರು, 2007ರ ನಂತರ ಎರಡನ್ನೂ ಸೇರಿಸಿದ್ದಾರೆ. ಕರಡಿನಲ್ಲಿ ಇನ್ನೂ ನಾಲ್ಕೇ ಇದೆ.) ನಡುವಿನದಕ್ಕೆ ಕೋಳಿನಿದ್ದೆ ಎನ್ನೋಣವೆಂದರೆ ಮನಸ್ಸು ಒಪ್ಪುತ್ತಿಲ್ಲ. ದೊಡ್ಡವರ ರಾತ್ರಿಯ ಸುಮಾರು ಅರ್ಧ ಪಾಲು ಇದರಲ್ಲೇ ಕಳೆಯುತ್ತದೆ, ಅಷ್ಟನ್ನೂ ಕೋಳಿಗೆ ಬಿಟ್ಟುಕೊಡುವುದು ಹೇಗೆ? ಪತ್ರಿಕೆಯವರು ಪಠ್ಯದವರಿಗಿಂತ ಧೈರ್ಯವಂತರು. ಔಷಧಿ ಚುಚ್ಚಿ ಬಾಯಿ ಬಿಡಿಸುವ ಪ್ರಯೋಗಕ್ಕೆ ‘ಮಂಪರು ಪರೀಕ್ಷೆ’ ಎಂದು ಅವರು ಕರೆದರು, ವಿವರಣೆ ಬೇಡದೆ ಎಲ್ಲರಿಗೂ ಅರ್ಥವಾಯಿತು.

ಉಳಿದದ್ದು ರೆಮ್ ನಿದ್ದೆ (ಇಂಗ್ಲಿಷಿನ ‘ರಾಪಿಡ್ ಐ ಮೂವ್ಮೆಂಟ್’ನ ಕಿರುರೂಪ). ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದ್ದು: ಮಲಗಿದವರ ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗಳು ಆಗಾಗ ಸರಸರನೆ ಓಡಾಡುತ್ತವೆ, ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ. ಕರಡಿನಲ್ಲಿ ಇದು ‘ಕ್ಷಿಪ್ರಾಕ್ಷಿಚಲನ ನಿದ್ರೆ’. ನಾಲಿಗೆ ಹೊರಳಿಸುವ ಸ್ಪರ್ಧೆಗೆ ಆದೀತು. ‘ಕನಸಿನ ನಿದ್ದೆ’ ಎನ್ನಲೂ ಬರುವುದಿಲ್ಲ, ಏಕೆಂದರೆ ಉಳಿದ ಹಂತಗಳಲ್ಲೂ ಕನಸು ಬೀಳುತ್ತದೆ. ‘ಕಣ್ಣಾಡುವ ನಿದ್ದೆ’ ಹೇಗೆ? ಅಥವಾ ರೆಮ್ ಎಂದೇ ಬಿಡೋಣವೇ?

ಈಗ ಶೀರ್ಷಿಕೆಯ ತಕರಾರು. ರೆಮ್ ನಿದ್ದೆಯಲ್ಲಿ ಕಣ್ಣು ಮತ್ತು ಉಸಿರಾಟದ ಸ್ನಾಯುಗಳನ್ನು ಬಿಟ್ಟು ಮೈಯ ಉಳಿದ ಸ್ನಾಯುಗಳನ್ನು ಮಿದುಳು ಬಹುಮಟ್ಟಿಗೆ ಸಡಿಲಬಿಡುತ್ತದೆ. ಕನಸಿನಲ್ಲಿ ಓಡಿದರೂ ಕಾಲು ಹಾಸಿಗೆಯ ಮೇಲೇ ಇರುವುದು ಅದರಿಂದ. ಕೆಲವೊಮ್ಮೆ ಈ ಬೀಗ ತೆಗೆಯುವ ಮೊದಲೇ ಎಚ್ಚರವಾಗಿಬಿಡುತ್ತದೆ. ನನಗೂ ಒಮ್ಮೆ ಆಗಿದೆ. ಬೆಳಗಿನ ಜಾವ ಕಣ್ಣು ತೆರೆದಿದೆ, ತಿರುಗುವ ಫ್ಯಾನು ಕಾಣುತ್ತಿದೆ, ಕಿರುಬೆರಳೂ ಎತ್ತಲಾಗುತ್ತಿಲ್ಲ, ಬಾಗಿಲ ಬಳಿ ಯಾರೋ ನಿಂತ ಹಾಗೆ, ಎದೆಯ ಮೇಲೆ ಭಾರ. ಒಂದೋ ಎರಡೋ ನಿಮಿಷವಿದ್ದೀತು, ಆಮೇಲೆ ತಾನಾಗಿಯೇ ಬಿಟ್ಟುಹೋಯಿತು. ಕರಡು ಇದನ್ನು ‘ನಿದ್ರಾ ಪಾರ್ಶ್ವವಾಯು’ ಎನ್ನುತ್ತದೆ. ಪಾರ್ಶ್ವ ಎಂದರೆ ಒಂದು ಮಗ್ಗುಲು. ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ದೇಹದ ಒಂದು ಬದಿ ಬಿದ್ದುಹೋಗುವುದು ಪಾರ್ಶ್ವವಾಯು. ಇಲ್ಲಿ ಮಗ್ಗುಲೂ ಇಲ್ಲ, ವಾಯುವೂ ಇಲ್ಲ, ಸಾಮಾನ್ಯವಾಗಿ ಅಪಾಯವೂ ಇಲ್ಲ. ಈ ಪದ ಓದಿದ ಹದಿನೆಂಟರ ಹುಡುಗಿ ತನಗೆ ಲಕ್ವ ಹೊಡೆಯಿತೆಂದು ಹೆದರಿದರೆ ಹೊಣೆ ಯಾರದು? ‘ನಿದ್ದೆಯ ಮೈಕಟ್ಟು’ ಎನ್ನೋಣವೆಂದರೆ ಮೈಕಟ್ಟು ಎಂದರೆ ಅಂಗಸೌಷ್ಠವ. ‘ನಿದ್ದೆಯ ಮರಗಟ್ಟುವಿಕೆ’ ಎಂದರೆ ಜೋಮು ಹಿಡಿದಂತೆ ಕೇಳುತ್ತದೆ, ಇಲ್ಲಿ ಸ್ಪರ್ಶ ಇರುತ್ತದೆ, ಚಲನೆ ಇರುವುದಿಲ್ಲ. ಸದ್ಯಕ್ಕೆ ‘ನಿದ್ದೆಯ ಸೆರೆ’ ಎಂದು ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಕಾವ್ಯ ಹೆಚ್ಚಾಯಿತೇನೋ.

ಬಾಗಿಲ ಬಳಿ ನಿಂತವನ ವಿಷಯದಲ್ಲಿ ಇನ್ನೊಂದು ಜಗಳ. ಅವನು ‘ಭ್ರಮೆ’ಯೆಂದು ಕರಡು ಹೇಳುತ್ತದೆ. ಹತ್ತು ಪುಟ ಮುಂದೆ, ಮಾನಸಿಕ ಕಾಯಿಲೆಗಳ ಪಾಠದಲ್ಲಿ, ‘ರೋಗಿಗೆ ಭ್ರಮೆ ಇರುತ್ತದೆ’ ಎಂದಿದೆ. ಯಾವ ಭ್ರಮೆ? ಮುಸ್ಸಂಜೆಯಲ್ಲಿ ಗೂಟಕ್ಕೆ ನೇತುಹಾಕಿದ ಕೋಟು ಮನುಷ್ಯನಂತೆ ಕಂಡರೆ ಅದೊಂದು: ವಸ್ತು ಇದೆ, ಕಂಡದ್ದು ತಪ್ಪು. ಗೂಟವೂ ಇಲ್ಲ, ಕೋಟೂ ಇಲ್ಲ, ಖಾಲಿ ಕೋಣೆಯಲ್ಲಿ ಯಾರೋ ಹೆಸರು ಹಿಡಿದು ಕರೆದದ್ದು ಕೇಳಿದರೆ ಅದು ಇನ್ನೊಂದು. ‘ನನ್ನ ಯೋಚನೆಗಳನ್ನು ಯಂತ್ರವಿಟ್ಟು ಕದಿಯುತ್ತಿದ್ದಾರೆ’ ಎಂದು, ಎಷ್ಟು ಪುರಾವೆ ತೋರಿಸಿದರೂ ಜಗ್ಗದೆ ನಂಬಿದರೆ ಅದು ಮೂರನೆಯದು. ಅಲ್ಲಿ ಕಣ್ಣು ಕಿವಿಗಳ ಪ್ರಶ್ನೆಯೇ ಇಲ್ಲ. ಮೊದಲೆರಡನ್ನು ಬೇರ್ಪಡಿಸಿ ಹೇಳಿದವನು 19ನೆಯ ಶತಮಾನದ ಆರಂಭದ ಫ್ರೆಂಚ್ ವೈದ್ಯ ಎಸ್ಕಿರೋಲ್. ನಾವು ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೇವೆ.

‘ಭ್ರಮ್’ ಎಂದರೆ ಸುತ್ತು. ಪರಿಭ್ರಮಣವೂ ಅದರದೇ, ಸಂಭ್ರಮವೂ ಅದರದೇ. ಮೊದಲನೆಯದಕ್ಕೆ ಭ್ರಮೆ ಇರಲಿ, ಹಗ್ಗ-ಹಾವಿನ ಉದಾಹರಣೆ ಹೇಗೂ ಅದರ ಬೆನ್ನಿಗಿದೆ. ಎರಡನೆಯದಕ್ಕೆ ಕೆಲವರು ವಿಭ್ರಮೆ ಎನ್ನುತ್ತಾರೆ. ಹಳೆಯ ಕಾವ್ಯ ಓದಿದವರಿಗೆ ವಿಭ್ರಮ ಎಂದರೆ ನಾಯಿಕೆಯ ಬೆಡಗು ಬಿನ್ನಾಣ, ಆಸ್ಪತ್ರೆಯ ಮಾತಾಗಿ ಅದು ಒಗ್ಗುವುದಿಲ್ಲ. ನನಗೆ ‘ಹಳವಂಡ’ದ ಮೇಲೆ ಕಣ್ಣು. ಆದರೆ ಅದಕ್ಕೆ ಜ್ವರದಲ್ಲಿ ಬಡಬಡಿಸುವ ಅರ್ಥ ಗಟ್ಟಿಯಾಗಿ ಅಂಟಿದೆ, ಮತ್ತು ಆ ಸ್ಥಿತಿಗೆ ಕನ್ನಡದಲ್ಲಿ ಬೇರೆಯೇ ಒಳ್ಳೆಯ ಪದವಿದೆ: ಸನ್ನಿ. ಸನ್ನಿಪಾತದ ತದ್ಭವ. ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಶುರುವಾಗಿ, ಗಮನ ನಿಲ್ಲದೆ, ಒಮ್ಮೆ ತಿಳಿಯಾಗಿ ಮತ್ತೆ ಕದಡುವ ಸ್ಥಿತಿಯೇ ಅದು. ಮೂರನೆಯದಕ್ಕೆ ‘ಹುಸಿನಂಬಿಕೆ’ ಎಂದು ಬರೆದಿದ್ದೇನೆ. ಮೂಢನಂಬಿಕೆ ಬೇಡ, ಅದು ಸುತ್ತಲಿನವರೂ ನಂಬುವಂಥದ್ದು, ಇದು ಹೆಚ್ಚಾಗಿ ಒಬ್ಬನೇ ಹೊತ್ತು ತಿರುಗುವಂಥದ್ದು.

ಮಾದಕವಸ್ತುಗಳ ಪಾಠದಲ್ಲಿ ಒಂದು ಪದ ಮಾತ್ರ ನಿಜಕ್ಕೂ ಹಾನಿ ಮಾಡುತ್ತಿದೆ. ಮದ್ಯ, ನರಮಂಡಲವನ್ನು ತಣಿಸುವ ಬಾರ್ಬಿಟ್ಯುರೇಟ್‌ಗಳು, ಕೆಲವು ನಿದ್ದೆಮಾತ್ರೆಗಳು ಇವನ್ನೆಲ್ಲ ಕರಡು ‘ಖಿನ್ನಕಾರಿಗಳು’ ಎಂದು ಕರೆದಿದೆ. ಹಿಂದೊಮ್ಮೆ ನಾನು ತಿದ್ದಿದ ಉತ್ತರಪತ್ರಿಕೆಯಲ್ಲಿ ಹುಡುಗನೊಬ್ಬ ಬರೆದಿದ್ದ: ‘ಮದ್ಯವು ಖಿನ್ನಕಾರಿ, ಆದ್ದರಿಂದ ಕುಡಿದವರು ಅಳುತ್ತಾರೆ.’ ಪದವನ್ನು ನಂಬಿ ಬರೆದವನಿಗೆ ಅಂಕ ಕಳೆಯಲು ಕೈ ಬರಲಿಲ್ಲ. ಇವು ಮನಸ್ಸನ್ನಲ್ಲ, ನರಮಂಡಲದ ಕೆಲಸವನ್ನು ತಗ್ಗಿಸುತ್ತವೆ: ಉಸಿರು, ಮಾತು, ಕೈಕಾಲಿನ ಹಿಡಿತ ನಿಧಾನವಾಗುತ್ತವೆ. ‘ಮಂದಕಾರಿ’ ಸಾಕು. ಖಿನ್ನತೆಯನ್ನು ಆ ಹೆಸರಿನ ಕಾಯಿಲೆಗೇ ಬಿಟ್ಟುಬಿಡೋಣ.

ಅಮಲು ಎಂಬ ಪದದ ಹಿಂದೆ ಹೋದರೆ ಮಜಾ ಇದೆ. ಅರಬ್ಬಿಯ ‘ಅಮಲ್’ ಎಂದರೆ ಕೆಲಸ, ಕಾರ್ಯ. ವಸ್ತು ತನ್ನ ಕೆಲಸ ತೋರಿಸಿದರೆ ಅಮಲು, ಸರಕಾರದ ಕೆಲಸ ಮಾಡಿದರೆ ಅಮಲ್ದಾರ. ವ್ಯಸನದ ಕತೆ ಇನ್ನೂ ಹಳೆಯದು. ಸಂಸ್ಕೃತದಲ್ಲಿ ಅದು ಕೇಡು, ವಿಪತ್ತು, ಬಿಡಲಾರದ ಕೆಟ್ಟ ರೂಢಿ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳ ಪಟ್ಟಿ ಇದೆ. ಬೇಟೆ, ಪಗಡೆ, ಮದ ಇವುಗಳ ನಡುವೆ ‘ದಿವಾಸ್ವಪ್ನ’ವೂ ಕೂತಿದೆ. ಅದು ಹಗಲುಗನಸಲ್ಲ, ಹಗಲುನಿದ್ದೆ. ಮಧ್ಯಾಹ್ನ ಅಡ್ಡಾಗುವವರು ಎಚ್ಚರವಾಗಿರಿ! ಕನ್ನಡದಲ್ಲಿ ‘ವ್ಯಸನಪಡಬೇಡ’ ಎಂದರೆ ದುಃಖಪಡಬೇಡ ಎಂದೂ ಆಗುವುದರಿಂದ ‘ವ್ಯಸನಿ’ ಎಂಬ ಪದದಲ್ಲಿ ನನಗೆ ಅಷ್ಟಿಷ್ಟು ಮರುಕವೂ ಕೇಳಿಸುತ್ತದೆ. ‘ಚಟಗಾರ’ದಲ್ಲಿ ಅದಿಲ್ಲ.

ಆದರೆ ವ್ಯಸನವೂ ಅವಲಂಬನೆಯೂ ಒಂದಲ್ಲ. ನೋವಿಗೆಂದು ವೈದ್ಯರು ಕೊಟ್ಟ ಮಾರ್ಫೀನನ್ನು ಹೇಳಿದಷ್ಟೇ ತೆಗೆದುಕೊಂಡವಳಿಗೂ ಕೆಲವು ವಾರಗಳಲ್ಲಿ ಮೈ ಒಗ್ಗಿಕೊಳ್ಳುತ್ತದೆ, ಒಮ್ಮೆಲೇ ನಿಲ್ಲಿಸಿದರೆ ನರಳುತ್ತಾಳೆ. ಆಕೆ ವ್ಯಸನಿಯಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಐದನೆಯ ಆವೃತ್ತಿಯಲ್ಲಿ ‘ದುರ್ಬಳಕೆ’, ‘ಅವಲಂಬನೆ’ ಎಂಬ ಎರಡು ವಿಭಾಗ ಕೈಬಿಟ್ಟು ಒಂದೇ ಮಾಡಿತು. ಅದಕ್ಕೆ ಒಂದು ಕಾರಣ ಈ ಗೊಂದಲವೇ. ಈಗ ಹನ್ನೊಂದು ಲಕ್ಷಣಗಳ ಪಟ್ಟಿಯಲ್ಲಿ ವರ್ಷದೊಳಗೆ ಕನಿಷ್ಠ ಎರಡು ಕಂಡರೆ ‘ಬಳಕೆಯ ಕಾಯಿಲೆ’, ಆರೋ ಹೆಚ್ಚೋ ಆದರೆ ತೀವ್ರ. ವೈದ್ಯರ ಸಲಹೆಯಂತೆ ತೆಗೆದುಕೊಂಡ ಔಷಧಿಗೆ ಮೈ ಒಗ್ಗಿದ್ದು, ನಿಲ್ಲಿಸಿದಾಗ ನರಳಿದ್ದು ಇವೆರಡನ್ನು ಅದರಲ್ಲಿ ಎಣಿಸುವುದಿಲ್ಲ. ಕರಡು ಈ ‘ಒಗ್ಗಿಕೊಳ್ಳುವಿಕೆ’ಯನ್ನು ‘ಸಹಿಷ್ಣುತೆ’ ಎಂದಿದೆ, ಧರ್ಮಗಳ ಸೌಹಾರ್ದದ ಭಾಷಣದಂತೆ. ಹೊಡೆದುಹಾಕಿದ್ದೇನೆ.

ಕಾಯಿಲೆಗಳ ಬಗ್ಗೆ ಎರಡೇ ಮಾತು. ಗೀಳು ಎಂದರೆ ಜನರಿಗೆ ಸಿನಿಮಾ ಗೀಳು, ಕ್ರಿಕೆಟ್ ಗೀಳು, ಅಂದರೆ ಖುಷಿಯಿಂದ ಹತ್ತಿಸಿಕೊಂಡದ್ದು. ಮನೋವೈದ್ಯರ ಗೀಳು ಬೇಡಬೇಡವೆಂದರೂ ನುಗ್ಗುವ ಯೋಚನೆ. ಕರಡಿನಲ್ಲಿ ಈ ವ್ಯತ್ಯಾಸ ಹೇಳುವ ಒಂದು ವಾಕ್ಯ ಸೇರಿಸಿದ್ದೇನೆ, ಪದ ಬದಲಿಸಿಲ್ಲ. ಸ್ಕಿಜೋಫ್ರೀನಿಯಾಕ್ಕೆ ‘ಇಚ್ಛಿತ್ತ ವಿಕಲತೆ’, ‘ಸೀಳುಮನಸ್ಸು’ ಎರಡೂ ಇವೆ. ಎರಡೂ ಒಬ್ಬನೊಳಗೆ ಇಬ್ಬರಿದ್ದಾರೆ ಎಂಬ ತಪ್ಪು ಕಲ್ಪನೆಯನ್ನೇ ಕೊಡುತ್ತವೆ. ಅದು ಬೇರೆಯೇ ಕಾಯಿಲೆ. ಸ್ವಿಸ್ ಮನೋವೈದ್ಯ ಬ್ಲಾಯ್ಲರ್ 1908ರಲ್ಲಿ ಗ್ರೀಕಿನಿಂದ ಹೆಸರು ಕಟ್ಟುವಾಗ ಹೇಳಹೊರಟದ್ದು ಯೋಚನೆ, ಭಾವನೆಗಳ ಹೆಣಿಗೆ ಸಡಿಲಾಗುವುದನ್ನು. ಜಪಾನಿನವರ ಹಳೆಯ ಪದವೂ ‘ಮನಸ್ಸು ಸೀಳಿದ ರೋಗ’ವೇ ಆಗಿತ್ತು. ರೋಗಿಗಳ ಮನೆಯವರ ಒತ್ತಾಯದಿಂದ 2002ರಲ್ಲಿ ಅದನ್ನು ಕೈಬಿಟ್ಟು, ಹೊಂದಾಣಿಕೆ ತಪ್ಪಿದ್ದು ಎಂಬರ್ಥದ ಹೊಸ ಹೆಸರು ತಂದರು. ಕನ್ನಡದಲ್ಲಿ ಅಂಥ ಪ್ರಯತ್ನ ಯಾರಾದರೂ ಮಾಡಿದ್ದನ್ನು ನೋಡಿದ್ದೀರಾ?

ಕೊನೆಯದಾಗಿ, ಎರಡು ದಿನದಿಂದ ಕಾಡುತ್ತಿರುವುದು. ಕುಡಿತ ನಿಲ್ಲಿಸಿದ ಕೆಲವು ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ಎರಡು ಮೂರು ದಿನದ ಹೊತ್ತಿಗೆ ಸನ್ನಿಯೂ ಏರಿ ಜೀವಕ್ಕೆ ಅಪಾಯವಾಗುತ್ತದೆ. ಇದಕ್ಕೆ ಕರಡಿನ ಪದ ‘ಹಿಂತೆಗೆತದ ಲಕ್ಷಣಗಳು’. ನಾಮಪತ್ರ ಹಿಂತೆಗೆದವನಿಗೆ ಕೈ ನಡುಗಿದಂತಿದೆ. ‘ಬಿಟ್ಟಾಗಿನ ಬಾಧೆ’ ಎಂದು ತಿದ್ದಿದ್ದೇನೆ, ಜೊತೆಯ ತಿದ್ದುಗರೊಬ್ಬರು ‘ಅದು ಯಾರೋ ಊರು ಬಿಟ್ಟಾಗಿನ ಹಾಗಿದೆ’ ಎಂದರು. ಕುಡಿತ ಬಿಡಿಸುವ ವಾರ್ಡುಗಳಲ್ಲಿ ಕೆಲಸ ಮಾಡುವವರು, ಅಲ್ಲಿ ಇದ್ದು ಬಂದವರು ಆಡುಮಾತಿನಲ್ಲಿ ಇದಕ್ಕೆ ಏನನ್ನುತ್ತಾರೆ? ಬಲ್ಲವರು ಹೇಳಿದರೆ ಅದನ್ನೇ ಹಾಕುತ್ತೇನೆ.