ಟ್ರಿಟಿಕಮ್ ವಲ್ಗೇರ್ ಮತ್ತು ಸುಧಾಳ ಸೊಸೆ

"ಇದರ ಮೇಲೆ ಏನೋ ವಲ್ಗರ್ ಅಂತ ಬರೆದಿದ್ದಾರಲ್ಲೇ!" ಅಂದಳು ಗಿರಿಜಾ, ಕನ್ನಡಕ ಹಣೆಗೇರಿಸಿ, ಕ್ರೀಮಿನ ಟ್ಯೂಬನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು. ಮುಖಕ್ಕೆ ಹಚ್ಚೋ ಪದಾರ್ಥದ ಮೇಲೆ ಇಂಥ ಮಾತಾ ಅಂತ ಅವಳಿಗೆ ಗಾಬರಿ.

"ವಲ್ಗರ್ ಅಲ್ವೇ, ವಲ್ಗೇರ್. ಲ್ಯಾಟಿನ್‌ನಲ್ಲಿ ಸಾಮಾನ್ಯವಾದದ್ದು ಅಂತ ಅರ್ಥ. ಟ್ರಿಟಿಕಮ್ ವಲ್ಗೇರ್ ಅಂದ್ರೆ ನಿನ್ನ ಚಪಾತಿ ಗೋಧಿ" ಅಂದಳು ಪದ್ಮ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಅಂದಿನಿಂದ ಅವಳ ಲ್ಯಾಟಿನ್‌ಗೆ ಕಿವಿ ಕೊಟ್ಟವರು ಒಬ್ಬರೂ ಇರಲಿಲ್ಲ. ಇವತ್ತು ಒಟ್ಟಿಗೆ ಮೂರು ಜೊತೆ ಕಿವಿ ಸಿಕ್ಕಿತ್ತು.

ಮೈಸೂರಿನ ಸರಸ್ವತಿಪುರಂನಲ್ಲಿ ಸುಧಾಳ ಮನೆ ಜಗಲಿ. ನಡುವೆ ಕಾಫಿ, ಕೋಡುಬಳೆ, ಒಂದು ಭೂತಗನ್ನಡಿ, ಮೂರು ಅಂಗಡಿ ಸುತ್ತಿ ತಂದ ಒಂಬತ್ತು ಟ್ಯೂಬು. ಸುಧಾಳ ಸೊಸೆ ಲಖನೌ ಹುಡುಗಿ, ಸೀಲಿಯಾಕ್ ಕಾಯಿಲೆಯವಳು. ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನು ಹೊಟ್ಟೆಗೆ ಹೋದರೆ ಸಾಕು, ಸಣ್ಣ ಕರುಳಿನ ಒಳಪದರ ಹಾಳಾಗುತ್ತೆ. "ಉತ್ತರದ ಹುಡುಗಿ, ದಿನಾ ಚಪಾತಿ ಲಟ್ಟಿಸಬೇಕೇನೋ ಅಂತ ಹೆದರಿದ್ದೆ. ಈಗ ನೋಡಿದ್ರೆ ನಮ್ಮ ಮುದ್ದೆ, ಅಕ್ಕಿ ರೊಟ್ಟಿಗೇ ಒಗ್ಗಿಕೊಂಡಳು" ಅಂತ ಸುಧಾ ಬೀಗಿದ್ದೂ ಉಂಟು. ಆಮೇಲೊಂದು ದಿನ ಇಂಗಿನ ಡಬ್ಬಿ ಹಿಂದೆ ಮೈದಾ ಅಂತ ಓದಿ ಅವಳ ಜಂಘಾಬಲವೇ ಉಡುಗಿತು. ಅಂದಿನಿಂದ ಮನೆಯಲ್ಲಿ ಯಾವ ಡಬ್ಬಿಯೂ ನೆಮ್ಮದಿಯಾಗಿಲ್ಲ. ಅಡುಗೆಮನೆ ಮುಗಿಸಿ ಈಗ ಕನ್ನಡಿ ಮೇಜಿಗೆ ಬಂದಿದ್ದಾಳೆ. ನಾಲ್ಕು ದಿನಕ್ಕೆ ಗೌರಿ ಹಬ್ಬ, ಸೊಸೆಗೆ ಒಂದು ಸೆಟ್ ಕೊಡಬೇಕಂತೆ.

"ಸೀಲಿಯಾಕ್ ಇದ್ದವರಿಗೆ ಕ್ರೀಮಿನ ಭಯ ಅಷ್ಟಿಲ್ಲ ಕಣೇ" ಅಂದಳು ಪದ್ಮ. "ಗ್ಲುಟೆನ್ ದೊಡ್ಡ ಅಣು, ಗಾಯ ಇಲ್ಲದ ಚರ್ಮದೊಳಗೆ ನುಗ್ಗಲ್ಲ. ಬಾಯಿಗೆ ಹೋದ್ರೆ ತಾನೇ ತೊಂದರೆ."

"ಮತ್ತೆ ನಾನು ಮೂರು ಅಂಗಡಿ ಸುತ್ತಿದ್ದು?"

"ಲಿಪ್‌ಸ್ಟಿಕ್ ನೋಡು. ಅದು ತುಟಿಗೆ ಹಚ್ಚೋದು ಅಂತ ಹೆಸರಿಗೆ ಅಷ್ಟೇ."

ಗಿರಿಜಾ ತುಟಿ ಮುಟ್ಟಿ ನೋಡಿಕೊಂಡಳು. "ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಎಲ್ಲಿ ಹೋಗುತ್ತೆ ಅಂತ ನಾನೂ ಯೋಚನೆ ಮಾಡ್ತಿದ್ದೆ."

"ಅರ್ಧ ಕಾಫಿ ಲೋಟಕ್ಕೆ, ಅರ್ಧ ನಿನ್ನ ಹೊಟ್ಟೆಗೆ."

ನನಗೆ ಹೊಳೆದದ್ದು ಇನ್ನೊಂದು. ಕೈಗೆ ಹಚ್ಚೋ ಕ್ರೀಮು? ಸ್ಪೂನು ಹಿಡಿದು ತಿನ್ನೋ ದೇಶದವರಿಗೆ ಬೇಕಾದರೆ ಹೇಗೋ, ಸಾರನ್ನ ಮೊಣಕೈವರೆಗೆ ಇಳಿಯುವಂತೆ ಕಲಸೋ ನಮ್ಮಂಥವರಿಗೆ ಅದೂ ಉಪ್ಪಿನಕಾಯಿ ಲೆಕ್ಕವೇ. ಪದ್ಮ ಮೆಚ್ಚಿ ತಲೆದೂಗಿದಳು. ಅವಳ ಕ್ಲಾಸಿನಲ್ಲಿ ನನಗೆ ಸಿಕ್ಕ ಮೊದಲ ಮಾರ್ಕು.

"ಆದ್ರೆ ಗೋಧಿ ಅಲರ್ಜಿ ಅನ್ನೋದು ಬೇರೆ ಕಾಯಿಲೆ. ಅದರಲ್ಲಿ ಚರ್ಮಾನೂ ಸುಮ್ಮನಿರಲ್ಲ" ಅಂತ ಪದ್ಮ ಜಪಾನಿನ ಕಥೆ ತೆಗೆದಳು. ಅಲ್ಲೊಂದು ಮುಖದ ಸೋಪಿಗೆ ಗೋಧಿಯ ಪ್ರೋಟೀನನ್ನು ಒಡೆದು ಚೂರು ಮಾಡಿ ಹಾಕಿದ್ದರು. ದಿನಾ ಅದರಲ್ಲೇ ಮುಖ ಉಜ್ಜಿಕೊಂಡವರಿಗೆ ಆಮೇಲೆ ಬ್ರೆಡ್ಡು, ನೂಡಲ್ಸು ತಿಂದರೆ ಕಣ್ಣುರೆಪ್ಪೆ ಊದೋದು, ಮೈಯೆಲ್ಲ ದದ್ದು, ಕೆಲವರಿಗೆ ಉಸಿರಾಟಕ್ಕೇ ಕುತ್ತು. 2011ರಲ್ಲಿ ಸೋಪನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ತೊಂದರೆಗೆ ಸಿಕ್ಕವರು 2,000ಕ್ಕೂ ಹೆಚ್ಚು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಸುಧಾ ಮಾತ್ರ ಬಚ್ಚಲಿಗೆ ಹೋಗಿ ಸೋಪಿನ ಕವರು ತಂದಳು.

ಆಮೇಲೆ ಶುರುವಾಯಿತು ನೋಡಿ ಅಂತ್ಯಾಕ್ಷರಿ. ಸುಧಾ ಲೇಬಲ್ ಓದೋದು, ಪದ್ಮ ಬಿಡಿಸಿ ಹೇಳೋದು. ಹಾರ್ಡಿಯಮ್ ವಲ್ಗೇರ್? ಬಾರ್ಲಿ. ("ಅದೂ ವಲ್ಗರೇ?" ಗಿರಿಜಾ.) ಸೆಸಾಮಮ್ ಇಂಡಿಕಮ್? ಎಳ್ಳು. ಅರಾಕಿಸ್ ಹೈಪೋಜಿಯಾ? ಕಡಲೆಕಾಯಿ. ಪ್ರೂನಸ್ ಅಮಿಗ್ಡಲಸ್ ಡಲ್ಸಿಸ್? ಬಾದಾಮಿ.

"ಬೆಲ್ಲ ಒಂದಿದ್ದಿದ್ರೆ ಚಿಕ್ಕಿ ಮಾಡಬಹುದಿತ್ತು" ಅಂದಳು ಗಿರಿಜಾ.

ತುರಿಕೆಯ ಕ್ರೀಮಿನಲ್ಲಿ ಅವೀನಾ ಸಟೈವಾ ಸಿಕ್ಕಿತು, ಓಟ್ಸು. ಅದರಲ್ಲಿ ಗ್ಲುಟೆನ್ ಇಲ್ಲದಿದ್ದರೂ ಗದ್ದೆ, ಗಿರಣಿಯಲ್ಲಿ ಗೋಧಿ ಜೊತೆ ಬೆರೆತಿರಬಹುದು ಅಂತ ಅದೂ ಪಕ್ಕಕ್ಕೆ ಹೋಯಿತು.

"ಇದರ ಮೇಲೆ ಹೈಪೋಅಲರ್ಜೆನಿಕ್, ಅಂದ್ರೆ ಅಲರ್ಜಿ ಆಗೋದು ಕಮ್ಮಿ ಅಂತ ಹಾಕಿದ್ದಾರೆ, ಇದು ಸರಿ" ಅಂತ ಸುಧಾ ಒಂದನ್ನು ಎತ್ತಿಟ್ಟಳು. ಈಗ ನನ್ನ ಸರದಿ. ಅಮೆರಿಕದಲ್ಲಿ ಆ ಪದಕ್ಕೆ 1975ರಲ್ಲಿ ಒಂದು ನಿಯಮ ಮಾಡಿದ್ದರು, ಪರೀಕ್ಷೆ ಮಾಡಿ ತೋರಿಸಿದರೆ ಮಾತ್ರ ಹಾಕಿಕೊಳ್ಳಬೇಕು ಅಂತ. ಕಂಪನಿಗಳು ಕೋರ್ಟಿಗೆ ಹೋದವು, 1977ರಲ್ಲಿ ನಿಯಮವೇ ಬಿದ್ದುಹೋಯಿತು. ಅಲ್ಲಿಂದ ಅದು ಹಾಲಿನವನೇ "ಇವನು ನೀರು ಬೆರೆಸಲ್ಲ" ಅಂತ ಬೋರ್ಡು ಹಾಕಿಕೊಂಡ ಹಾಗೆ.

"ಹಾಗಾದ್ರೆ ವಾಸನೆ ಇಲ್ಲದ್ದು?"

"ಅದರಲ್ಲೂ ವಾಸನೆ ಮುಚ್ಚೋಕೆ ಇನ್ನೊಂದು ವಾಸನೆ ಹಾಕಿರಬಹುದು. ಸುಗಂಧವನ್ನೇ ಸೇರಿಸಿಲ್ಲ ಅಂತ ಇರಬೇಕು. ಅಷ್ಟಾದ್ರೂ ಮುಖಕ್ಕೆ ಬಳಿಯೋಕೆ ಮುಂಚೆ ಮೊಣಕೈ ಒಳಮಗ್ಗುಲಲ್ಲಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಬೇಕು."

"ಹಬ್ಬಕ್ಕೆ ನಾಲ್ಕು ದಿನ ಇರೋದು ಪದ್ಮಾ!"

ಗಿರಿಜಾ ಇದಕ್ಕೇ ಕಾದಿದ್ದಳು. "ಅದಕ್ಕೇ ನಾನು ಈ ಡಬ್ಬಿಗಳ ಸಹವಾಸಕ್ಕೇ ಹೋಗಲ್ಲ. ತುಟಿಗೆ ಇದೊಂದು ಬಿಟ್ರೆ ಎಲ್ಲ ನ್ಯಾಚುರಲ್. ಕಡಲೆಹಿಟ್ಟು, ನಿಂಬೆರಸ."

"ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಬೊಬ್ಬೆ ಬರುತ್ತೆ, ಅದೂ ನ್ಯಾಚುರಲ್ಲೇ. ಅದಿರಲಿ, ನಿನ್ನ ಸ್ಟಿಕ್ಕರ್ ಒಂದು ನಿಮಿಷ ತೆಗಿ."

ಗಿರಿಜಾ ಹಣೆಯ ಸ್ಟಿಕ್ಕರ್ ಕಿತ್ತಳು. ಅದರಡಿ ಅಷ್ಟೇ ಅಗಲಕ್ಕೆ, ಅಷ್ಟೇ ದುಂಡಗೆ, ಚರ್ಮ ಬಿಳಿಚಿಕೊಂಡಿತ್ತು. ಬೊಟ್ಟು ತೆಗೆದರೂ ಬೊಟ್ಟು.

"ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿರೋ ಒಂದು ರಾಸಾಯನಿಕ ಚರ್ಮದ ಬಣ್ಣವನ್ನೇ ತಿಂದುಬಿಡುತ್ತೆ" ಅಂದಳು ಪದ್ಮ, ದನಿ ತಗ್ಗಿಸಿ. "ನಾಳೆಯೇ ಚರ್ಮದ ಡಾಕ್ಟರಿಗೆ ತೋರಿಸು. ಅಲ್ಲೀತನಕ ಇದನ್ನ ಹಚ್ಚಬೇಡ."

ಸುಧಾ ಒಂಬತ್ತೂ ಟ್ಯೂಬು ಚೀಲಕ್ಕೆ ತುರುಕಿ, ಸೊಸೆಗೆ ಸೀರೆ ಕೊಡ್ತೀನಿ, ಲಿಪ್‌ಸ್ಟಿಕ್ ಅವಳೇ ಕಂಪನಿಗೆ ಬರೆದು ಕೇಳಿ ತಗೊಳ್ಳಲಿ ಅಂದಳು. ಕೋಡುಬಳೆಗೆ ಕೈ ಹಾಕಿದವಳು ತಟ್ಟನೆ ನಿಂತಳು. "ಅಯ್ಯೋ, ಇದಕ್ಕೆ ಚಿರೋಟಿ ರವೆ ಹಾಕಿದ್ದೀನಿ. ಅವಳು ಬರೋದ್ರೊಳಗೆ ಖಾಲಿ ಮಾಡ್ರೇ."

ಗಿರಿಜಾಗೆ ಆ ಮಾತು ಕೇಳಿಸಲೇ ಇಲ್ಲ. ಬೆರಳ ತುದಿಗೆ ಅಂಟಿದ್ದ ಸ್ಟಿಕ್ಕರನ್ನೇ ನೋಡುತ್ತಿದ್ದಳು. "ನಮ್ಮ ಬಚ್ಚಲುಮನೆ ಕನ್ನಡಿಗೆ ಇಂಥವು ಹದಿನೈದಾದ್ರೂ ಅಂಟಿಸಿದ್ದೀನಲ್ಲೇ" ಅಂದಳು, "ಅದಕ್ಕೇನೂ ಆಗಿಲ್ಲ."